ತಟ್ಟೆಯ ಎದುರಿನ ಕನ್ನಡಿ

ನಮ್ಮ ಮನೆಗೆ ಬಂದವರು ಕೈ ತೊಳೆದು ಊಟಕ್ಕೆ ಕೂತ ಕೂಡಲೇ ಕೇಳುವುದು ಒಂದೇ ಮಾತು: “ಇದೇನ್ರೀ, ಇಲ್ಲಿ ಯಾಕೆ ಕನ್ನಡಿ ಹಾಕಿದೀರ?” ಅವರು ಕೇಳುವುದರಲ್ಲಿ ತಪ್ಪಿಲ್ಲ. ಕನ್ನಡಿ ಇರಬೇಕಾದದ್ದು ಬಚ್ಚಲ ಪಕ್ಕದಲ್ಲಿ, ಇಲ್ಲವೇ ಬೀರುವಿನ ಬಾಗಿಲಲ್ಲಿ. ನಮ್ಮಲ್ಲಿ ಅದು ಊಟದ ಕೋಣೆಯ ಗೋಡೆಯ ಮೇಲೆ, ನಾನು ಕೂರುವ ಕುರ್ಚಿಗೆ ನೇರ ಎದುರಾಗಿ, ಕೂತವನ ಮುಖದ ಮಟ್ಟಕ್ಕೆ ತೂಗುಹಾಕಿದೆ. ನಾನು ತುತ್ತು ಎತ್ತಿದರೆ ಅಲ್ಲೊಬ್ಬ ತುತ್ತು ಎತ್ತುತ್ತಾನೆ. ನಾನು ಬಾಯಿ ತೆರೆದರೆ ಅವನೂ ತೆರೆಯುತ್ತಾನೆ. ಮನುಷ್ಯ ಉಣ್ಣುವಾಗ ಎಷ್ಟು ಅಸಹ್ಯವಾಗಿ ಕಾಣುತ್ತಾನೆ ಎಂಬುದು ಆ ಕನ್ನಡಿ ಬರುವ ತನಕ ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ, ಗೊತ್ತಾಗುವುದೂ ಬೇಡ ಬಿಡಿ.

ಹಾಕಿಸಿದವಳು ನನ್ನ ಹೆಂಡತಿ ವನಜ. ಕೇಳಿದವರಿಗೆಲ್ಲ ಅವಳು “ಕೋಣೆ ದೊಡ್ಡದಾಗಿ ಕಾಣ್ಲಿ ಅಂತ” ಎಂದು ಹೇಳಿ ಸಾರು ಬಡಿಸುತ್ತಾಳೆ. ಶುದ್ಧ ಸುಳ್ಳು. ನಿಜ ಏನೆಂದರೆ ನನ್ನ ಅಂದಚೆಂದದ ಹುಚ್ಚು ಅವಳಿಗೆ ಚೆನ್ನಾಗಿ ಗೊತ್ತು. ಮುಳಬಾಗಿಲಿನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರು ನಾನು. ಅಂಗಿಯ ಇಸ್ತ್ರಿ ಒಂದು ದಿನ ಕೆಟ್ಟರೆ ಅವತ್ತು ಪಾಠವೂ ಕೆಡುತ್ತದೆ. ಮೀಸೆಗೆ ಭಾನುವಾರ ಭಾನುವಾರ ಬಣ್ಣ. ಜೇಬಿನಲ್ಲಿ ಬಾಚಣಿಗೆ ಸದಾ ಇರುತ್ತದೆ, ತಲೆಯ ಮೇಲೆ ಬಾಚುವುದಕ್ಕೆ ಏನೂ ಹೆಚ್ಚು ಉಳಿದಿಲ್ಲ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಹೀರೋ ಮೇಷ್ಟ್ರು’ ಅನ್ನುತ್ತಾರಂತೆ. ಅದು ಗೇಲಿ ಎಂದು ಜೊತೆಯ ಮೇಷ್ಟ್ರುಗಳು ತಿಳಿಸಿ ಹೇಳಿದರು. ಅವರ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ಲವೇ!

ನಮ್ಮ ವಂಶದ ಈ ಹುಚ್ಚನ್ನು ಮೊದಲು ಉಪಯೋಗಕ್ಕೆ ತಂದವಳು ನಮ್ಮ ಅಜ್ಜಿ. ಆಗ ನಾವಿದ್ದದ್ದು ಆವನಿ ದಾರಿಯ ಹಳ್ಳಿಯಲ್ಲಿ. ಅಜ್ಜಿ ಯಾವತ್ತೂ ‘ಇದು ತಿನ್ನು, ಮೈಗೆ ಒಳ್ಳೇದು’ ಎಂದವಳಲ್ಲ. “ಕಾಫಿ ಕುಡಿದ್ರೆ ಕರ್ರಗಾಗ್ತೀಯ ಕಣೋ” ಎಂದರೆ ಸಾಕು, ನಾನು ಲೋಟ ಕೆಳಗಿಡುತ್ತಿದ್ದೆ. “ಮುದ್ದೆ ನುಂಗಿದೋನ ಎದೆ ಹಿಂಗಿರುತ್ತೆ ನೋಡು” ಎಂದು ಗೋಡೆ ತಟ್ಟಿ ತೋರಿಸಿದರೆ ಎರಡನೇ ಮುದ್ದೆ ಕೇಳುತ್ತಿದ್ದೆ. ಬೆರಕೆ ಸೊಪ್ಪಿನ ಸಾರಿಗೆ ಮಾತ್ರ ನಾನು ಬಗ್ಗಿರಲಿಲ್ಲ. ಹೊಲದ ಬದುವಿನಲ್ಲಿ ಸಿಕ್ಕಿದ ಸೊಪ್ಪನ್ನೆಲ್ಲ ಕಿತ್ತು ತಂದು, ಒಟ್ಟಿಗೆ ಬೇಯಿಸಿ ಮಸೆದ ಆ ಸಾರಿನ ಬಣ್ಣ ನೋಡಿದರೆ ನನಗೆ ದನದ ಕೊಟ್ಟಿಗೆ ನೆನಪಾಗುತ್ತಿತ್ತು. ಒಂದು ದಿನ ಅಜ್ಜಿ ಹತ್ತಿರ ಬಗ್ಗಿ, ಯಾರಿಗೂ ಹೇಳಬಾರದ ಗುಟ್ಟು ಹೇಳುವವಳ ಹಾಗೆ, “ಸೊಪ್ಪು ತಿನ್ನದೋರ ಮುಖ ಬಾವಿ ನೀರಲ್ಲಿ ಕಾಣಲ್ಲ. ಬಾವಿ ಅವರನ್ನ ಮರ್ತುಬಿಡುತ್ತೆ” ಎಂದಳು.

ಬೆಳಗ್ಗೆ ಎದ್ದವನೇ ಬಾವಿಯ ಹತ್ತಿರ ಓಡಿದೆ. ಕಟ್ಟೆಯ ಮೇಲೆ ಹೊಟ್ಟೆ ಊರಿ ಬಗ್ಗಿದೆ. ಮೇಲಿನ ರಾಟೆ ಕಂಡಿತು, ಒಂದು ತುಂಡು ಆಕಾಶ ಕಂಡಿತು. ನಾನಿರಬೇಕಾದ ಜಾಗದಲ್ಲಿ ಕಪ್ಪು ನೀರು ಸುಮ್ಮನೆ ಅಲುಗಾಡುತ್ತಿತ್ತು. ಯಾರೋ ಆಗಷ್ಟೇ ನೀರು ಸೇದಿಕೊಂಡು ಹೋಗಿದ್ದರು, ಅಷ್ಟೇ ವಿಷಯ. ಆ ವಯಸ್ಸಿನಲ್ಲಿ ಅದೆಲ್ಲ ಹೊಳೆಯುತ್ತದೆಯೇ? ನಾನು ಕಿಟಾರನೆ ಕಿರುಚಿಕೊಂಡೆ. ಅಮ್ಮ ಓಡಿ ಬಂದು, ನನ್ನ ಸೊಂಟ ಹಿಡಿದು ಮತ್ತೆ ಬಗ್ಗಿಸಿ, ನೀರು ನಿಲ್ಲುವ ತನಕ ಕಾಯ್ದು, “ಇಲ್ಲೇ ಇದೀಯಲ್ಲೋ ಮಗಾ” ಎಂದು ನಕ್ಕಳು. ಅವತ್ತು ಮಧ್ಯಾಹ್ನ ನಾನು ಸೊಪ್ಪಿನ ಸಾರನ್ನು ಕೇಳಿ ಹಾಕಿಸಿಕೊಂಡೆ.

ಸೊಪ್ಪಿಗೆ ಯಾವತ್ತೂ ಬಗ್ಗದವರು ಎಂದರೆ ಅಪ್ಪ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು ಅವರು. ಬೆಳ್ಳಗಿನ ಪಂಚೆ, ಬೆಳ್ಳಗಿನ ಅಂಗಿ, ಹೆಗಲ ಮೇಲೆ ವಲ್ಲಿ, ದಪ್ಪ ಕರಿ ಕನ್ನಡಕ. ಮನೆಗೆ ಬರುವಾಗ ಹೊಸ್ತಿಲ ಹೊರಗೆ ನಿಂತು ಒಂದು ಸಲ ಗಟ್ಟಿಯಾಗಿ ಕೆಮ್ಮುವರು. ಆ ಕೆಮ್ಮು ಕೇಳಿದರೆ ಅಮ್ಮ ತಟ್ಟೆ ಇಡಬೇಕು. ಅವರಿಗೆ ಬೇಕಿದ್ದುದು ಬಿಳಿ ಅನ್ನ, ಅದರ ಮೇಲೆ ತುಪ್ಪ, ಹಣ್ಣಿನ ಕಾಲದಲ್ಲಿ ರಸಪುರಿ. ಅವರು ಉಂಡು ಎದ್ದ ಮೇಲೆ ಅದೇ ತಟ್ಟೆ ಎಳೆದುಕೊಂಡು ಅಮ್ಮ ಉಣ್ಣಬೇಕು. ಹಸಿವಿನಿಂದ ಕಣ್ಣು ಕತ್ತಲೆ ಬಂದರೂ ಅದಕ್ಕೆ ಮುಂಚೆ ಒಂದು ಅಗುಳು ಬಾಯಿಗೆ ಹಾಕಿದವಳಲ್ಲ. ಐವತ್ತಾರನೇ ವಯಸ್ಸಿಗೆ ಅಪ್ಪನ ಮುಖ ಊದಿಕೊಂಡು, ಕಣ್ಣು ಒಳಗೆ ಹೂತುಹೋಗಿ, ಕಾಲಿನ ಗಾಯ ಮಾಯದೆ, ಸಕ್ಕರೆ ಕಾಯಿಲೆಯಲ್ಲೇ ಹೋದರು. ಗೋಡೆಯ ಮೇಲಿರುವ ಫೋಟೋ ಆ ಕೊನೆಯ ದಿನಗಳದ್ದು.

ನನಗೂ ಸಕ್ಕರೆ ಬಂತು. ಕೋಲಾರದ ಡಾಕ್ಟರು ಬೈದರು. ವನಜ ಅತ್ತಳು, ಬೇಡಿಕೊಂಡಳು, ಮಾತು ಬಿಟ್ಟಳು. ಎಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮುದ್ದೆಯನ್ನು ಒಂದು ಶಾಸ್ತ್ರಕ್ಕೆ ಮುಟ್ಟಿ ನಾನು ಅನ್ನಕ್ಕೆ ಕೈ ಹಾಕುತ್ತಿದ್ದೆ, ಮೂರು ಸಲ ಬಡಿಸಿಕೊಳ್ಳುತ್ತಿದ್ದೆ. ಸ್ಕೂಲಿನ ಎದುರಿನ ಬೇಕರಿಯವನಿಗೆ ನಾನು ಹೋದ ಕೂಡಲೇ ಎರಡು ಬೆಣ್ಣೆ ಬಿಸ್ಕತ್ತು, ಒಂದು ದಿಲ್‌ಪಸಂದ್ ತಟ್ಟೆಗೆ ಹಾಕುವುದು ಕೈಗೆ ರೂಢಿಯಾಗಿತ್ತು. ಅಪ್ಪ ಹೋದ ವಯಸ್ಸಿಗೆ ನಾನು ಹತ್ತಿರ ಬರುತ್ತಿದ್ದೆ. ಅದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ವನಜ ರಾತ್ರಿ ಎಚ್ಚರವಾದಾಗಲೆಲ್ಲ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ನಾನು ನಿದ್ದೆ ಬಂದವನ ಹಾಗೆ ಬಿದ್ದಿರುತ್ತಿದ್ದೆ.

ಹೀಗಿರುವಾಗ ಪಾಪಮ್ಮತ್ತೆ ಬಂದಳು. ವನಜಳ ಸೋದರತ್ತೆ, ಮಾಸ್ತಿಯವಳು. ಹಿರಿಯರ ಹಬ್ಬದ ಮಾರನೇ ದಿನ, ಮೊಮ್ಮಗಳ ಮದುವೆಗೆ ಕರೆಯಲು ಬಂದಿದ್ದಳು. ನಿಮಗೆ ಗೊತ್ತಲ್ಲ, ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ಹಿರಿಯರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಅಂತ. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಿ ಹೋಗಬೇಕು, ಊಟ ಮಾಡುವವರ ಮೇಲೆ ಏಕಾಏಕಿ ನುಗ್ಗಬಾರದು. ಆ ವರ್ಷ ಅಪ್ಪನ ಫೋಟೋಗೆ ಸೇವಂತಿಗೆ ಹಾರ ಹಾಕಿದ್ದೆವು. ಮಾರನೇ ದಿನವೂ ಹೂವು ಬಾಡಿರಲಿಲ್ಲ, ಊದುಬತ್ತಿಯ ಬೂದಿ ಹಾಗೇ ಇತ್ತು.

ಪಾಪಮ್ಮತ್ತೆ ನಮ್ಮ ಅಪ್ಪನನ್ನು ಕಂಡವಳಲ್ಲ, ಅವರು ಹೋದದ್ದು ನಮ್ಮ ಮದುವೆಗೆ ಮುಂಚೆ. ಕಂಡಿದ್ದು ನನ್ನನ್ನು, ಮದುವೆ ಮುಂಜಿಗಳಲ್ಲಿ. ಒಳಗೆ ಕಾಲಿಟ್ಟವಳು ಫೋಟೋ ನೋಡಿದಳು, ಹಾರ ನೋಡಿದಳು, ಕೈಯಲ್ಲಿದ್ದ ಲಗ್ನಪತ್ರಿಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

“ಅಯ್ಯೋ ವನಜಾ! ಯಾವಾಗಮ್ಮ ಹೋದ್ರು? ನಮಗೊಂದು ಮಾತು ತಿಳಿಸಬಾರದಾಗಿತ್ತೇನೇ!” ಎಂದು ಅವಳನ್ನು ತಬ್ಬಿಕೊಂಡು ಗೊಳೋ ಎಂದಳು.

ನಾನು ಸ್ನಾನ ಮುಗಿಸಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು, “ಯಾರೇ ಅದು?” ಎನ್ನುತ್ತಾ ಹೊರಗೆ ಬಂದೆ. ಪಾಪಮ್ಮತ್ತೆಯ ಅಳು ಅರ್ಧಕ್ಕೆ ನಿಂತಿತು. ಅವಳು ನನ್ನನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ನನ್ನ ಕಾಲು ನೋಡಿದಳು. ಕಾಲು ಹಿಂದುಮುಂದಾಗಿದೆಯೋ ಎಂದು ನೋಡಿದ್ದು ಅಂತ ಆಮೇಲೆ ಅವಳೇ ಒಪ್ಪಿಕೊಂಡಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ವನಜ ಮಾತ್ರ ನಗಲಿಲ್ಲ. ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ಆ ವಾರವೇ ಕನ್ನಡಿ ಬಂತು. ಅಪ್ಪನ ಫೋಟೋ ಹಾಲಿನಿಂದ ಊಟದ ಕೋಣೆಗೆ, ನನ್ನ ಕುರ್ಚಿಯ ಹಿಂದಿನ ಗೋಡೆಗೆ ಬಂತು. “ಇನ್ಮೇಲೆ ಸಕ್ಕರೆ ವಿಷಯ ಎತ್ತಲ್ಲ. ಏನು ಬೇಕೋ ತಿನ್ನಿ ರೀ. ನೋಡ್ಕೊಂಡು ತಿನ್ನಿ, ಅಷ್ಟೇ” ಎಂದಳು ವನಜ. ಕೂತು ತಲೆ ಎತ್ತಿದರೆ ಕನ್ನಡಿಯಲ್ಲಿ ನನ್ನ ಮುಖ, ನನ್ನ ಹೆಗಲ ಮೇಲೆ ಅಪ್ಪನ ಮುಖ. ಅದೇ ಊದಿದ ಕೆನ್ನೆ, ಅದೇ ಹೂತ ಕಣ್ಣು. ಒಬ್ಬ ಅಗಿಯುತ್ತಿದ್ದಾನೆ, ಇನ್ನೊಬ್ಬ ಸುಮ್ಮನೆ ನೋಡುತ್ತಿದ್ದಾನೆ. ಮೊದಲ ದಿನ ಮೊಂಡುತನಕ್ಕೆ ಮೂರು ಸಲ ಅನ್ನ ಹಾಕಿಸಿಕೊಂಡೆ. ಮೂರನೆಯ ಸಲ ಕನ್ನಡಿಯಲ್ಲಿ ನೋಡಿದಾಗ ಅಗಿಯುತ್ತಿರುವವನು ಯಾರು, ನೋಡುತ್ತಿರುವವನು ಯಾರು ಎಂದು ಒಂದು ಗಳಿಗೆ ಗೊತ್ತಾಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟೆ. ದೇವರಾಣೆಗೂ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಅಮ್ಮನ ವಿಷಯ ಈಗ ಹೇಳಬೇಕು. ಅಮ್ಮನಿಗೆ ಎಂಬತ್ತು ದಾಟಿದೆ, ನಮ್ಮ ಜೊತೆಯಲ್ಲೇ ಇದ್ದಾಳೆ. ಒಂದೆರಡು ವರ್ಷಗಳಿಂದ ಮರೆವು ಜಾಸ್ತಿ. ಬೆಳಗ್ಗೆ ತಿಂದ ತಿಂಡಿ ಮರೆಯುತ್ತದೆ, ಹಳ್ಳಿಯ ಹಸುಗಳ ಹೆಸರು ನೆನಪಿರುತ್ತದೆ. ಅವಳ ತವರು ಪುಂಗನೂರು ಕಡೆ, ಮನೆಮಾತು ತೆಲುಗು. ನನ್ನ ಜೊತೆ ಕನ್ನಡ ಆಡುವಳು, ಅಪ್ಪನನ್ನು ಮಾತ್ರ ತೆಲುಗಿನಲ್ಲಿ ‘ಏಮಂಡೀ’ ಎಂದು ಕರೆಯುವಳು. ಅಪ್ಪ ಹೋದ ಮೇಲೆ ಆ ಕರೆ ನಮ್ಮ ಮನೆಯಲ್ಲಿ ಕೇಳಿರಲೇ ಇಲ್ಲ.

ಕನ್ನಡಿ ಬಂದ ಹೊಸದರಲ್ಲಿ ಒಂದು ಸಂಜೆ ನಾನು ಒಬ್ಬನೇ ಊಟಕ್ಕೆ ಕೂತಿದ್ದೆ. ಕನ್ನಡಿಯಲ್ಲಿ ಅಮ್ಮ ಬಂದು ನನ್ನ ಹಿಂದೆ ನಿಂತದ್ದು ಕಂಡಿತು. ಅವಳು ನನ್ನ ಬೆನ್ನು ನೋಡುತ್ತಿರಲಿಲ್ಲ, ಫೋಟೋವನ್ನೂ ನೋಡುತ್ತಿರಲಿಲ್ಲ. ಕನ್ನಡಿಯೊಳಗಿನ ನನ್ನ ಮುಖವನ್ನೇ ನೆಟ್ಟು ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಸೆರಗು ಸರಿ ಮಾಡಿಕೊಂಡಳು.

“ಏಮಂಡೀ,” ಎಂದಳು, “ಇಷ್ಟು ಹೊತ್ತು ಮಾಡಿಬಿಟ್ರಲ್ಲಾ.”

ತಿರುಗಿ “ಅಮ್ಮಾ, ನಾನಮ್ಮಾ” ಎಂದೆ. ಅವಳು ನಾಚಿಕೊಂಡ ಹಾಗೆ ನಕ್ಕಳು. ನಾನು ಎದ್ದು ಕೈ ತೊಳೆದು ಬರುವಷ್ಟರಲ್ಲಿ ನನ್ನ ತಟ್ಟೆ ಎಳೆದುಕೊಂಡು ಉಣ್ಣುತ್ತಾ ಕೂತಿದ್ದಳು. ಅದಕ್ಕೂ ಮುಂಚೆ ಅವಳಿಗೆ ನಾಲ್ಕು ತುತ್ತು ತಿನ್ನಿಸುವುದು ಒಂದು ಯುದ್ಧವಾಗಿತ್ತು. ಅವತ್ತಿನಿಂದ ದಿನಾ ನನ್ನ ಊಟಕ್ಕೆ ಕಾಯುವಳು, ನಾನೆದ್ದ ಮೇಲೆ ತಟ್ಟೆ ತುಂಬ ಉಣ್ಣುವಳು. ಕೆನ್ನೆಗೆ ಬಣ್ಣ ಬಂತು. ವನಜ ನನ್ನನ್ನು “ಬನ್ನಿ ಮಾವನೋರೇ, ಊಟ ರೆಡಿ” ಎಂದು ಕೀಟಲೆ ಮಾಡತೊಡಗಿದಳು. ನಾವು ನಕ್ಕೆವು. ನಗದೆ ಇನ್ನೇನು ಮಾಡುವುದು? ಆದರೆ ಅಮ್ಮ ನನ್ನ ಮುಖ ನೋಡುವಾಗ ಅವಳ ಕಣ್ಣಿನಲ್ಲಿ ಕಾಣುತ್ತಿದ್ದ ಸಂತೋಷ ಒಬ್ಬ ಮಗ ನೋಡುವಂಥದ್ದಲ್ಲ. ನಾನು ತಟ್ಟೆ ನೋಡಿಕೊಂಡು ಬೇಗ ಬೇಗ ಉಂಡು ಏಳುತ್ತಿದ್ದೆ.

ಇತ್ತ ಕನ್ನಡಿ ತನ್ನ ಕೆಲಸ ಮಾಡುತ್ತಲೇ ಇತ್ತು. ಡಾಕ್ಟರ ಮಾತಿಗೆ ಬಗ್ಗದವನು ನನ್ನ ಮೂತಿಗೆ ಬಗ್ಗಿದೆ. ಅನ್ನ ಒಂದು ಸೌಟಿಗೆ ಇಳಿಯಿತು. ಅಜ್ಜಿಯ ಬೆರಕೆ ಸೊಪ್ಪು, ಹುರುಳಿ ಕಟ್ಟಿನ ಸಾರು, ಮುದ್ದೆ. ಬೇಕರಿಯವನು ನನ್ನನ್ನು ಕಂಡರೆ ಮುಖ ತಿರುಗಿಸುವಂತಾಯಿತು. ಬೆಳಗ್ಗೆ ಕುರುಡುಮಲೆ ರಸ್ತೆಯಲ್ಲಿ ನಡಿಗೆ ಶುರುವಾಯಿತು. ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ಪ್ಯಾಂಟು ಜಾರತೊಡಗಿತು. ಮಾವು ಹೂ ಬಿಟ್ಟಾಗ ಕನ್ನಡಿಯಲ್ಲಿ ನನಗೊಂದು ದವಡೆ ಇದೆಯೆಂಬುದು ಕಂಡಿತು. ಸಕ್ಕರೆಯೂ ಇಳಿಯಿತು. ಡಾಕ್ಟರು ಏನು ಮಾಡಿದಿರಿ ಎಂದು ಕೇಳಿದರೆ ಹೇಳುವುದಕ್ಕೆ ನಾಚಿಕೆಯಾಗಿ “ವಾಕಿಂಗ್ ಸಾರ್” ಎಂದೆ. ವನಜ ಮೂಗಿನ ಹತ್ತಿರ ಬೆರಳು ಹಿಡಿಯುವುದನ್ನು ನಿಲ್ಲಿಸಿದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ನನ್ನನ್ನು ತುಂಬ ಹೊತ್ತು ನೋಡಿದಳು. “ಲೇ ಮಗಾ, ಎಷ್ಟೊತ್ತಿಗೋ ಬಂದೆ?” ಎಂದಳು.

ನನ್ನನ್ನು ಗುರುತು ಹಿಡಿದಿದ್ದಳು! ಅಷ್ಟು ತಿಂಗಳ ಮೇಲೆ ಅವಳ ಬಾಯಿಂದ ‘ಮಗಾ’ ಎಂದು ಕೇಳಿ ನನಗೆ ಅಳುವೇ ಬಂತು. “ನಾನು ಇಲ್ಲೇ ಇದೀನಲ್ಲಮ್ಮಾ” ಎಂದೆ. ಅವಳು ತಲೆಯಾಡಿಸಿ ನನ್ನ ಹಿಂದೆ, ಬಾಗಿಲಿನ ಕಡೆ ನೋಡಿದಳು.

“ನಿಮ್ಮಪ್ಪ ಇನ್ನೂ ಊಟಕ್ಕೆ ಬಂದಿಲ್ಲವಲ್ಲೋ.”

ಅವತ್ತು ಅವಳು ಉಣ್ಣಲಿಲ್ಲ. ರಾತ್ರಿಯೂ ಇಲ್ಲ. ಮಾರನೇ ದಿನ ಒತ್ತಾಯಕ್ಕೆ ಎರಡು ಗುಟುಕು ಗಂಜಿ. “ಅವರು ಉಣ್ಣದೆ ನಾನು ಹೆಂಗೋ ಉಣ್ಲಿ? ಮಂಡಿಯಲ್ಲಿ ಏನೋ ತಡ ಆಗಿರಬೇಕು” ಎಂದು ತುಟಿ ಬಿಗಿದುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುವಳು. ನಾನು ಅವಳ ಮುಂದೆ ಉಂಡು ತೋರಿಸಿದೆ, ನನ್ನ ತಟ್ಟೆ ಕೊಟ್ಟೆ. ಮಗನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಅಪ್ಪ ಊರಿಗೆ ಹೋಗಿದ್ದಾರಮ್ಮಾ” ಎಂದೆ. “ಉಂಡು ಹೋದರಾ?” ಎಂದು ಕೇಳಿದಳು. ಎರಡು ವಾರದಲ್ಲಿ ಅಮ್ಮನ ಬಳೆಗಳು ಮೊಣಕೈ ತನಕ ಜಾರಿದವು. ಡಾಕ್ಟರು ಮೂಗಿಗೆ ನಳಿಕೆ ಹಾಕೋಣವೇ ಎಂದರು, ಹಾಕಿದರೂ ಈ ವಯಸ್ಸಿನಲ್ಲಿ ಹೇಳಲಾಗದು ಎಂದರು. ನಾನು ಉಳಿಯಬೇಕಾದರೆ ತೆಳ್ಳಗಿರಬೇಕು, ಅಮ್ಮ ಉಳಿಯಬೇಕಾದರೆ ನಾನು ಊದಿಕೊಳ್ಳಬೇಕು. ಇಂಥ ಲೆಕ್ಕವನ್ನು ನಾನು ಯಾವ ಮಕ್ಕಳಿಗೂ ಕೊಟ್ಟಿರಲಿಲ್ಲ.

ಮತ್ತೆ ತಿನ್ನತೊಡಗುತ್ತೇನೆ ಎಂದು ಹಟ ಹಿಡಿದೆ. ವನಜ ಕೆರಳಿದಳು. “ತಿಂದು ಸಾಯ್ತೀರಾ? ಅತ್ತೆ ಉಣ್ಲಿ ಅಂತ ನಾನು ನಿಮ್ಮನ್ನ ಗೋಡೆಗೆ ಹಾಕ್ಕೋಬೇಕಾ?” ಎಂದು ಕೂಗಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ಹಳೆಯ ಟ್ರಂಕು ತೆಗೆದಳು. ಅಪ್ಪನ ಪಂಚೆ ಬಂತು, ಅಂಗಿ ಬಂತು, ವಲ್ಲಿ, ದಪ್ಪ ಕನ್ನಡಕ. ಅಂಗಿಯ ಒಳಗೆ ಟವೆಲ್ ಸುತ್ತಿ ಹೊಟ್ಟೆ ಮಾಡಿದಳು. ಕೆನ್ನೆಗೆ ಏನು ಮಾಡುವುದು? ದೇವರ ಮನೆಯಿಂದ ಬತ್ತಿ ಹೊಸೆಯುವ ಹತ್ತಿ ತಂದು ಎರಡು ಉಂಡೆ ಕಟ್ಟಿ ನನ್ನ ಬಾಯೊಳಗೆ, ಎರಡು ಪಕ್ಕಕ್ಕೆ ತುರುಕಿದಳು. ಜೀವಮಾನವಿಡೀ ಚೆಂದ ಕಾಣಬೇಕೆಂದು ಒದ್ದಾಡಿದವನಿಗೆ ಈ ವೇಷ! ನಗಬೇಕೆಂದರೆ ಹತ್ತಿ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತು. ಹಿತ್ತಲಿನಿಂದ ಸುತ್ತಿಕೊಂಡು ಹೋಗಿ ಹೊಸ್ತಿಲ ಹೊರಗೆ ನಿಂತೆ. ಕೆಮ್ಮಿದೆ. ನಾನು ಕೆಮ್ಮಿದ್ದು ಹೌದು, ಆದರೆ ಆ ಸದ್ದು ನನ್ನದಾಗಿರಲಿಲ್ಲ. ಒಳಗೆ ತಟ್ಟೆ ಇಡುವ ಸದ್ದಾಯಿತು. ವನಜ ಇಟ್ಟಳೇನೋ ಎಂದುಕೊಂಡೆ. ಹೋಗಿ ನೋಡಿದರೆ ವನಜ ಅಡುಗೆಮನೆಯ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದಳು. ದಿನಗಟ್ಟಲೆ ಎದ್ದು ಓಡಾಡದಿದ್ದ ಅಮ್ಮ ಗೋಡೆ ಹಿಡಿದುಕೊಂಡು ತಟ್ಟೆ ಇಡುತ್ತಿದ್ದಳು.

ಕೂತೆ. ಕನ್ನಡಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅಮ್ಮ ಎದುರಿಗೆ ಕೂತಳು. ಅನ್ನ ಕಲೆಸಿ ಒಂದು ತುತ್ತು ಬಾಯಿಗಿಟ್ಟೆ, ಹತ್ತಿಗೆ ಸಿಕ್ಕಿಕೊಂಡು ಕೆಳಗಿಳಿಯಲಿಲ್ಲ. ಉಸಿರು ಕಟ್ಟಿದ ಹಾಗಾಯಿತು. ಅಮ್ಮ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು, ಒತ್ತಿ ನೋಡಿದಳು.

“ಹತ್ತಿ ತೆಗೀರಿ,” ಎಂದಳು. “ಅವತ್ತೇ ಬೇಡ ಅಂದೆ ನಾನು. ಮೂಗಿಗೆ ಹತ್ತಿ ಇಟ್ರೆ ಅವರಿಗೆ ಉಸಿರು ಕಟ್ಟುತ್ತೆ ಅಂತ ಬಡ್ಕೊಂಡೆ. ಯಾರೂ ಕೇಳಲಿಲ್ಲ.”

ಹತ್ತಿ ಎರಡನ್ನೂ ತೆಗೆದೆ. ಕನ್ನಡಕವೂ ಜಾರಿ ಬಿತ್ತು. ಇನ್ನೇನು ಉಳಿಯಿತು, ನನ್ನ ಮುಖವೇ ಅವಳ ಮುಂದಿತ್ತು. ಈಗ ‘ಮಗಾ’ ಅನ್ನುತ್ತಾಳೆ, ತಟ್ಟೆ ಸರಿಸುತ್ತಾಳೆ ಎಂದು ಕಾದೆ. ಅಮ್ಮ ದೀಪದ ಬೆಳಕಿನಲ್ಲಿ ನನ್ನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದಳು.

“ಸಣ್ಣಗಾಗಿದೀರ ಏಮಂಡೀ,” ಎಂದಳು. “ಒಳ್ಳೇದಾಯ್ತು. ಆವಾಗ್ಲೇ ಹಿಂಗಾಗಿದ್ರೆ ಹೋಗ್ತಿರಲಿಲ್ಲ ನೀವು. ಈ ಸಲ ಇರ್ತೀರಾ?”

ಅಡುಗೆಮನೆಯ ಬಾಗಿಲಲ್ಲಿ ವನಜ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಇರ್ತೀನಿ” ಎಂದೆ.

ಅಮ್ಮ ತಟ್ಟೆ ಎಳೆದುಕೊಂಡಳು.